ಅಂಗಿ ಎತ್ತಿದರೆ ದೇವರು: ಮೈದಾನದ ಪ್ರಶ್ನೋತ್ತರ

ಗೋಲು ಹೊಡೆದ ಮೇಲೆ ಆಟಗಾರರು ಮಾಡುವ ಚೇಷ್ಟೆಗಳ ಬಗ್ಗೆ ಕಳೆದ ತಿಂಗಳು ಎರಡು ಸಾಲು ಬರೆದಿದ್ದೆ. ಅದರಲ್ಲಿ ಬ್ರೆಜಿಲ್‌ನ ಕಕಾ ಹೆಸರು ಬಂದದ್ದೇ ತಡ, ಈ ಸಲದ ಅಂಚೆಯಲ್ಲಿ ಮುಕ್ಕಾಲು ಪಾಲು ಪತ್ರಗಳು ಕ್ರೈಸ್ತ ಆಟಗಾರರ ಭಕ್ತಿಯ ಬೆನ್ನು ಹತ್ತಿವೆ. ಕೆಲವರು ಪ್ರೀತಿಯಿಂದ ಬರೆದಿದ್ದಾರೆ, ಕೆಲವರು ಕೆಂಡ ಕಾರಿದ್ದಾರೆ. ಬೈಗುಳ ಸೋಸಿ ಉಳಿದದ್ದಕ್ಕೆ ಉತ್ತರಿಸಿದ್ದೇನೆ. ಚದುರಂಗದ ಓದುಗರು ಮುನಿಸಿಕೊಳ್ಳಬಾರದು, ಮುಂದಿನ ಸಂಚಿಕೆಯ ಪುಟ ಅವರದೇ.

ಪ್ರಶ್ನೆ: ಮಹಿಳಾ ವಿಶ್ವಕಪ್ ಸೆಮಿಫೈನಲ್ ಗೆದ್ದ ಮೇಲೆ ಜೆಮಿಮಾ ರಾಡ್ರಿಗಸ್ ಮೈಕಿನ ಮುಂದೆ ಯೇಸುವಿಗೆ ಕೃತಜ್ಞತೆ ಹೇಳಿದರು. ದೇಶದ ಜೆರ್ಸಿ ತೊಟ್ಟವರು ಹೀಗೆ ತಮ್ಮ ಧರ್ಮ ಸಾರಬಹುದೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಮೊದಲು ಆ ರಾತ್ರಿಯನ್ನು ನೆನಪಿಸಿಕೊಳ್ಳಿ. 2025ರ ಅಕ್ಟೋಬರ್ 30, ನವಿ ಮುಂಬೈನ ಡಿ.ವೈ. ಪಾಟೀಲ್ ಕ್ರೀಡಾಂಗಣ. ಆಸ್ಟ್ರೇಲಿಯಾ ಮುಂದಿಟ್ಟ ಗುರಿ 339. ಮಹಿಳೆಯರ ಏಕದಿನ ಕ್ರಿಕೆಟ್‌ನಲ್ಲಿ ಅಷ್ಟನ್ನು ಬೆನ್ನಟ್ಟಿ ಗೆದ್ದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ಅದೇ ಟೂರ್ನಿಯಲ್ಲಿ ಇಂಗ್ಲೆಂಡ್ ವಿರುದ್ಧದ ಪಂದ್ಯಕ್ಕೆ ಜೆಮಿಮಾ ಅವರನ್ನು ತಂಡದಿಂದ ಕೈಬಿಟ್ಟಿದ್ದರು. ಸೆಮಿಫೈನಲ್ ದಿನ ಐದನೆಯವರಾಗಿ ಇಳಿಯುವುದೆಂದುಕೊಂಡು ಸ್ನಾನಕ್ಕೆ ಹೋಗಿದ್ದವರಿಗೆ, ಮೂರನೆಯ ಕ್ರಮಾಂಕ ನಿಮ್ಮದು ಎಂಬ ಸುದ್ದಿ ಮುಟ್ಟಿದ್ದು ಬ್ಯಾಟ್ ಹಿಡಿದು ಹೊರಡುವುದಕ್ಕೆ ಐದು ನಿಮಿಷ ಮುಂಚೆ. ಅಲ್ಲಿಂದ 134 ಎಸೆತಗಳಲ್ಲಿ ಔಟಾಗದೆ 127 ರನ್. ಐದು ವಿಕೆಟ್ ಗೆಲುವು, ಒಂಬತ್ತು ಎಸೆತ ಬಾಕಿ.

ಆಮೇಲೆ ಅಳುತ್ತಲೇ ಅವರು ಹೇಳಿದ್ದು ಇಷ್ಟು: ಯೇಸುವಿಗೆ ಕೃತಜ್ಞತೆ, ನನ್ನೊಬ್ಬಳಿಂದ ಇದು ಆಗುತ್ತಿರಲಿಲ್ಲ. ಅದರ ಬೆನ್ನಿಗೇ ಅಮ್ಮ, ಅಪ್ಪ, ಕೋಚ್ ಎಲ್ಲರೂ ಬಂದರು. ಕೊನೆಯ ಓವರುಗಳಲ್ಲಿ ಮೈಯಲ್ಲಿ ಕಸುವು ಉಳಿಯದಿದ್ದಾಗ ಬೈಬಲಿನ ಒಂದು ಮಾತನ್ನು ಹೇಳಿಕೊಳ್ಳುತ್ತಿದ್ದೆ ಎಂದರು. ಸುಮ್ಮನೆ ನಿಲ್ಲು, ದೇವರು ನಿನಗಾಗಿ ಹೋರಾಡುತ್ತಾನೆ ಎಂಬ ಮಾತು. ವಿಮೋಚನಕಾಂಡದಲ್ಲಿ ಮುಂದೆ ಸಮುದ್ರ, ಹಿಂದೆ ಫರೋಹನ ಸೈನ್ಯ ಇದ್ದಾಗ ಮೋಶೆ ಜನರಿಗೆ ಧೈರ್ಯ ಹೇಳುವ ಸಂದರ್ಭ ಅದು. ಜೆಮಿಮಾ ಮಾತ್ರ ಸುಮ್ಮನೆ ನಿಲ್ಲದೆ ಒಂಟಿ ರನ್ನನ್ನು ಎರಡು ಮಾಡಿಕೊಂಡು ಓಡುತ್ತಲೇ ಇದ್ದರು.

ಇದರಲ್ಲಿ ಯಾರನ್ನು ಎಲ್ಲಿಗೆ ಕರೆದಂತಾಯಿತು? ಶತಕ ಹೊಡೆದಾಗಲೆಲ್ಲ ಸಚಿನ್ ಆಕಾಶ ನೋಡುತ್ತಿದ್ದರು. ಕೋಟಿ ಜನ ಅವರ ಜೊತೆ ಕತ್ತೆತ್ತಿದೆವು. ಪಂದ್ಯಕ್ಕೆ ಮುಂಚೆ ಆಟಗಾರರು ದೇವಸ್ಥಾನದಲ್ಲಿ ಕೈಮುಗಿದ ಫೋಟೊಗಳನ್ನು ಪತ್ರಿಕೆಗಳು ಸಂಭ್ರಮದಿಂದಲೇ ಹಾಕುತ್ತವೆ. ಆಗ ಯಾವ ದಾವಣಗೆರೆಯಿಂದಲೂ ನನಗೆ ಪತ್ರ ಬಂದಿಲ್ಲ. 2024ರಲ್ಲಿ ಮುಂಬೈನ ಖಾರ್ ಜಿಮ್ಖಾನಾ ಕ್ಲಬ್, ಜೆಮಿಮಾ ಅವರ ತಂದೆ ಅಲ್ಲಿನ ಸಭಾಂಗಣವನ್ನು ಧಾರ್ಮಿಕ ಸಭೆಗಳಿಗೆ ಬಳಸಿದರೆಂಬ ದೂರಿನ ಮೇಲೆ ಮಗಳ ಗೌರವ ಸದಸ್ಯತ್ವವನ್ನೇ ರದ್ದು ಮಾಡಿತ್ತು. ನಿಯಮದಂತೆಯೇ ಜಾಗ ಪಡೆದಿದ್ದೆವು, ಮತಾಂತರದ ಮಾತು ಸುಳ್ಳು ಎಂದು ತಂದೆ ಹೇಳಿದ್ದರು. ಅದಾದ ಒಂದು ವರ್ಷಕ್ಕೆ, ಜಾಲತಾಣಗಳಲ್ಲಿ ಜನ ಕಲ್ಲು ಹಿಡಿದು ಕುಳಿತಿರುತ್ತಾರೆಂದು ಗೊತ್ತಿದ್ದೂ, ಆ ಹೆಸರನ್ನು ಎಲ್ಲರೆದುರು ಹೇಳುವುದಕ್ಕೆ ಗುಂಡಿಗೆ ಬೇಕು. ನಿಯಮದ ಮಾತಿಗೆ ಬಂದರೆ, ಪಂದ್ಯದ ನಂತರದ ಸಂದರ್ಶನದಲ್ಲಿ ದೇವರ ಹೆಸರು ಹೇಳಬಾರದೆಂದು ಕ್ರಿಕೆಟ್‌ನ ಯಾವ ನಿಯಮವೂ ಹೇಳುವುದಿಲ್ಲ.

ಪ್ರಶ್ನೆ: ಎರಡೂ ತಂಡದವರು ಪ್ರಾರ್ಥನೆ ಮಾಡಿದರೆ ದೇವರು ಯಾರ ಕಡೆ?
– ಹೈಸ್ಕೂಲ್ ವಿದ್ಯಾರ್ಥಿ, ಶಿರಸಿ

ಉತ್ತರ: ರೆಫರಿಯ ಕಡೆ. ಅವನಿಗೆ ಬೇರೆ ಯಾರೂ ಇರುವುದಿಲ್ಲ.

ತಮಾಷೆ ಬಿಡು. 1990ರ ಡಿಸೆಂಬರ್ 3ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಫಾರ್ಟಿನೈನರ್ಸ್ ಮತ್ತು ನ್ಯೂಯಾರ್ಕ್ ಜೈಂಟ್ಸ್ ನಡುವಿನ ಅಮೆರಿಕನ್ ಫುಟ್‌ಬಾಲ್ ಪಂದ್ಯ 7–3ಕ್ಕೆ ಮುಗಿಯಿತು. ಅಷ್ಟು ಹೊತ್ತು ಒಬ್ಬರನ್ನೊಬ್ಬರು ನೆಲಕ್ಕೆ ಕೆಡವಿದ ಎರಡೂ ಕಡೆಯ ಕೆಲವರು ಮೈದಾನದ ನಡುವೆ ಒಟ್ಟಿಗೆ ಮಂಡಿಯೂರಿ ಕೈಕೈ ಹಿಡಿದರು. ಅಮೆರಿಕದಲ್ಲಿ ಅದು ಈಗಲೂ ನಡೆದು ಬಂದಿದೆ. ಗೆದ್ದವರೂ ಸೋತವರೂ ಒಂದೇ ವೃತ್ತದಲ್ಲಿ ಕುಳಿತ ಮೇಲೆ ನಿನ್ನ ಪ್ರಶ್ನೆಯನ್ನು ಅವರು ಹೇಗೆ ಬಗೆಹರಿಸಿಕೊಂಡರೆಂದು ಊಹಿಸಿಕೋ.

ಪ್ರಶ್ನೆ: ಮಂಡಿಯೂರಿ ಪ್ರಾರ್ಥಿಸಿದರೆ ಏನೂ ಇಲ್ಲ, ಅಂಗಿ ಎತ್ತಿ ಒಳಗಿನ ಬರಹ ತೋರಿಸಿದರೆ ತಪ್ಪು. ಇದೆಂಥ ನ್ಯಾಯ?
– ಓದುಗರೊಬ್ಬರು, ಕೋಲಾರ ಚಿನ್ನದ ಗಣಿ

ಉತ್ತರ: ಬೆಳಗಾವಿಯ ಕೆಂಪು ಮಣ್ಣಿನಲ್ಲಿ ವರ್ಷಗಟ್ಟಲೆ ಸೀಟಿ ಊದಿದವನಿಗೆ ಇದು ಇಷ್ಟದ ಪ್ರಶ್ನೆ. ನೀವು ಎರಡು ತಪ್ಪುಗಳನ್ನು ಒಂದೇ ಗಂಟಿನಲ್ಲಿ ಕಟ್ಟಿದ್ದೀರಿ. ಸಂಭ್ರಮಿಸುತ್ತ ಅಂಗಿ ಕಳಚಿದರೆ, ಅಥವಾ ತಲೆಯ ಮೇಲೆ ಹೊದ್ದುಕೊಂಡರೆ ಹಳದಿ ಕಾರ್ಡ್. ಒಳಗೆ ಬೈಬಲ್ ವಾಕ್ಯವಿರಲಿ, ಬನಿಯನ್ನೇ ಇಲ್ಲದಿರಲಿ, ವ್ಯತ್ಯಾಸವಿಲ್ಲ. 2010ರ ವಿಶ್ವಕಪ್ ಫೈನಲ್‌ನಲ್ಲಿ ಇನಿಯೆಸ್ತಾ ಗೆಲುವಿನ ಗೋಲು ಹೊಡೆದು ಅಂಗಿ ಕಳಚಿದಾಗ ಒಳಗಿದ್ದದ್ದು ತೀರಿಕೊಂಡ ಗೆಳೆಯನ ಹೆಸರು. ಅವರಿಗೂ ಕಾರ್ಡ್ ಬಿತ್ತು. ರೆಫರಿಯ ಜಾಗದಲ್ಲಿ ನಾನಿದ್ದರೂ ಕೊಡುತ್ತಿದ್ದೆ, ಕಣ್ಣು ಒದ್ದೆಯಾದರೂ.

ಬರಹದ್ದು ಬೇರೆ ವಿಚಾರ. ಫುಟ್‌ಬಾಲ್‌ನ ನಾಲ್ಕನೆಯ ನಿಯಮದ ಪ್ರಕಾರ ಉಡುಪಿನ ಮೇಲೆ, ಒಳಉಡುಪಿನ ಮೇಲೂ, ರಾಜಕೀಯ, ಧಾರ್ಮಿಕ ಅಥವಾ ವೈಯಕ್ತಿಕ ಘೋಷಣೆ ತೋರಿಸುವಂತಿಲ್ಲ. ಅದರ ಶಿಕ್ಷೆ ರೆಫರಿಯ ಜೇಬಿನಲ್ಲಿಲ್ಲ, ಟೂರ್ನಿ ನಡೆಸುವವರ ಕೈಯಲ್ಲಿದೆ. ಕಕಾ 2007ರ ಮೇ 23ರಂದು ಅಥೆನ್ಸ್‌ನಲ್ಲಿ ಮಿಲಾನ್ ಪರ ಲಿವರ್‌ಪೂಲನ್ನು ಸೋಲಿಸಿ ಮಂಡಿಯೂರಿದಾಗ ಎದೆಯ ಮೇಲೆ ‘ನಾನು ಯೇಸುವಿನವನು’ ಎಂಬ ಬರಹವಿತ್ತು. ಬಹುಶಃ ಫುಟ್‌ಬಾಲ್‌ನಲ್ಲಿ ಅತಿ ಹೆಚ್ಚು ಕಣ್ಣುಗಳು ಓದಿದ ಬನಿಯನ್ ಅದು. 2009ರಲ್ಲಿ ಜೊಹಾನ್ಸ್‌ಬರ್ಗ್‌ನ ಕಾನ್ಫೆಡರೇಷನ್ಸ್ ಕಪ್ ಫೈನಲ್‌ನಲ್ಲಿ 0–2ರಿಂದ ಹಿಂದಿದ್ದ ಬ್ರೆಜಿಲ್ 3–2ಕ್ಕೆ ಅಮೆರಿಕವನ್ನು ಸೋಲಿಸಿ ಇಡೀ ತಂಡ ಸುತ್ತುಗಟ್ಟಿ ಪ್ರಾರ್ಥಿಸಿತು. ಡೆನ್ಮಾರ್ಕ್‌ನ ಫುಟ್‌ಬಾಲ್ ಸಂಸ್ಥೆ ತಕರಾರು ಎತ್ತಿತು, ಫಿಫಾ ಬ್ರೆಜಿಲ್‌ಗೆ ನಿಯಮ ನೆನಪಿಸಿತು.

ನನ್ನ ಅಭಿಪ್ರಾಯ ಕೇಳುತ್ತೀರಾದರೆ, ಅಂಗಿಯ ವಿಷಯದಲ್ಲಿ ಸಂಸ್ಥೆಗಳ ಬಿಗುವು ಪೂರ್ತಿ ಪ್ರಾಮಾಣಿಕವಲ್ಲ. ಆ ಎದೆಯ ಅಗಲವನ್ನು ಅವರು ಜೂಜಿನ ಕಂಪನಿಗಳಿಗೆ ಬಾಡಿಗೆ ಕೊಟ್ಟು ವರ್ಷಗಳಾದವು. ಆದರೆ ನಿಯಮ ಸಡಿಲಿಸಿದರೆ ಎಲ್ಲರಿಗೂ ಸಡಿಲಿಸಬೇಕು, ಆಗ ಜಿಲ್ಲಾ ಪಂದ್ಯಗಳಲ್ಲಿ ಬನಿಯನ್ ಓದಿ ತೀರ್ಪು ಕೊಡುವ ಕೆಲಸ ನಮ್ಮಂಥವರ ತಲೆಗೆ ಬರುತ್ತದೆ. ಬೇಡ.

2024ರ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ನಡೆದ ಪ್ರಕರಣ ಇನ್ನೂ ಸ್ವಾರಸ್ಯಕರ. ಸಲಿಂಗಿಗಳ ಬೆಂಬಲಕ್ಕೆಂದು ಪ್ರೀಮಿಯರ್ ಲೀಗ್ ನಾಯಕರಿಗೆ ಕಾಮನಬಿಲ್ಲಿನ ತೋಳುಪಟ್ಟಿ ಕೊಟ್ಟಿದ್ದರು. ಕ್ರಿಸ್ಟಲ್ ಪ್ಯಾಲೇಸ್ ನಾಯಕ ಮಾರ್ಕ್ ಗೇಹಿ, ಚರ್ಚಿನ ಬೋಧಕರ ಮಗ, ಅದನ್ನು ನಿರಾಕರಿಸಲಿಲ್ಲ. ಕಟ್ಟಿಕೊಂಡು, ಅದರ ಮೇಲೆ ಪೆನ್ನಿನಿಂದ ‘ನಾನು ಯೇಸುವನ್ನು ಪ್ರೀತಿಸುತ್ತೇನೆ’ ಎಂದು ಬರೆದರು. ನಿಯಮ ನೆನಪಿಸಿದ ಮೇಲೆ ಮುಂದಿನ ಪಂದ್ಯಕ್ಕೆ ‘ಯೇಸು ನಿಮ್ಮನ್ನು ಪ್ರೀತಿಸುತ್ತಾನೆ’ ಎಂದು ಬರೆದುಕೊಂಡು ಬಂದರು. ಅದೇ ವಾರ ಇಪ್ಸ್‌ವಿಚ್ ನಾಯಕ ಸ್ಯಾಮ್ ಮೊರ್ಸಿ ಇಸ್ಲಾಂ ನಂಬಿಕೆಯ ಕಾರಣಕ್ಕೆ ಆ ಪಟ್ಟಿ ಕಟ್ಟಲೇ ಇಲ್ಲ. ಕಟ್ಟದವರು ನಿಯಮ ಮುರಿದಿರಲಿಲ್ಲ, ಕಟ್ಟಿ ಬರೆದವರು ಮುರಿದಿದ್ದರು! ಇಬ್ಬರ ಮೇಲೂ ಕ್ರಮವಾಗಲಿಲ್ಲ. ನಿಯಮ ಪುಸ್ತಕವನ್ನು ಕೆಲವೊಮ್ಮೆ ಮುಚ್ಚಿಡುವುದೂ ಆಡಳಿತದ ಜಾಣತನವೇ.

ಪ್ರಶ್ನೆ: ನೀವು ಯಾವ ಧರ್ಮದವರು?
– ಹೆಸರಿಲ್ಲ, ಊರಿಲ್ಲ

ಉತ್ತರ: ನಿಮ್ಮ ಹೆಸರು ನನಗೆ ಗೊತ್ತಿಲ್ಲ, ನನ್ನ ಧರ್ಮ ನಿಮಗೆ ಗೊತ್ತಿಲ್ಲ. ಲೆಕ್ಕ ಸರಿಹೋಯಿತು.

ಪ್ರಶ್ನೆ: ಭಾನುವಾರ ಓಡುವುದಿಲ್ಲವೆಂದು ಒಲಿಂಪಿಕ್ ಪದಕವನ್ನೇ ಬಿಟ್ಟ ಓಟಗಾರನ ಕಥೆಯನ್ನು ನಮ್ಮ ಸಭಾಪಾಲಕರು ಆಗಾಗ ಹೇಳುತ್ತಾರೆ. ಅದು ನಡೆದದ್ದೇ?
– ಓದುಗರೊಬ್ಬರು, ಗದಗ-ಬೆಟಗೇರಿ

ಉತ್ತರ: ನಡೆದದ್ದೇ. ಆದರೆ ಬಹಳ ಜನರಿಗೆ ಗೊತ್ತಿರುವುದು ಸಿನಿಮಾದ ಕಥೆ. 1981ರ ‘ಚಾರಿಯಟ್ಸ್ ಆಫ್ ಫೈರ್’ ಚಿತ್ರದಲ್ಲಿ ಸ್ಕಾಟ್ಲೆಂಡಿನ ಓಟಗಾರ ಎರಿಕ್ ಲಿಡ್ಡೆಲ್‌ಗೆ 100 ಮೀಟರ್ ಹೀಟ್ಸ್, ಅಂದರೆ ಮೊದಲ ಸುತ್ತಿನ ಓಟ, ದೇವರಿಗೆ ಮೀಸಲಾದ ಭಾನುವಾರವೇ ಇದೆಯೆಂದು ಗೊತ್ತಾಗುವುದು ಪ್ಯಾರಿಸ್‌ಗೆ ಹಡಗು ಹತ್ತುವಾಗ. ನಿಜದಲ್ಲಿ ತಿಂಗಳುಗಳ ಮೊದಲೇ ವೇಳಾಪಟ್ಟಿ ಬಂದಿತ್ತು, ತಿಂಗಳುಗಳ ಮೊದಲೇ ಅವರು ಒಲ್ಲೆ ಎಂದಿದ್ದರು. ನನಗೆ ಇದೇ ದೊಡ್ಡದಾಗಿ ಕಾಣುತ್ತದೆ. ಹಡಗಿನ ಮೆಟ್ಟಿಲ ಮೇಲೆ ಆವೇಶದಲ್ಲಿ ಬೇಡ ಎನ್ನುವುದು ಒಂದು. ಚಳಿಗಾಲದಿಂದ ಬೇಸಿಗೆಯವರೆಗೆ ಪತ್ರಿಕೆಗಳ ಮೂದಲಿಕೆ ಕೇಳುತ್ತ, ತನ್ನದಲ್ಲದ 400 ಮೀಟರಿಗೆ ಅಭ್ಯಾಸ ಮಾಡುವುದು ಇನ್ನೊಂದು. ರಿಲೇಗಳನ್ನೂ ಅದೇ ಕಾರಣಕ್ಕೆ ಬಿಟ್ಟರು. 1924ರ ಜುಲೈ 11ರಂದು ಹೊರಗಿನ ಲೇನಿನಲ್ಲಿ, ಎದುರಾಳಿಗಳು ಕಣ್ಣಿಗೆ ಬೀಳದ ಜಾಗದಲ್ಲಿ ನಿಂತು, ಮೊದಲ ಹೆಜ್ಜೆಯಿಂದಲೇ 100 ಮೀಟರಿನವರ ಹಾಗೆ ನುಗ್ಗಿದರು. 47.6 ಸೆಕೆಂಡ್, ಚಿನ್ನ, ವಿಶ್ವದಾಖಲೆ. 200 ಮೀಟರಿನಲ್ಲಿ ಕಂಚು ಆಗಲೇ ಬಂದಿತ್ತು.

ಮರುವರ್ಷವೇ ಓಟ ಬಿಟ್ಟು ಹುಟ್ಟಿದೂರಾದ ಚೀನಾದ ತಿಯಾನ್‌ಜಿನ್‌ಗೆ ಮಿಷನರಿಯಾಗಿ ಹೋದರು. ಯುದ್ಧದ ಕಾಲದಲ್ಲಿ ಜಪಾನೀಯರು ವೈಶಿಯನ್ ಎಂಬಲ್ಲಿ ವಿದೇಶೀಯರನ್ನೆಲ್ಲ ಕೂಡಿಹಾಕಿದ ಶಿಬಿರದಲ್ಲಿ ಅವರೂ ಇದ್ದರು. ತಂದೆತಾಯಿಯಿಂದ ದೂರವಾದ ಎಷ್ಟೋ ಮಕ್ಕಳು ಅಲ್ಲಿದ್ದರು, ಆಟ ಆಡಿಸುವ ಕೆಲಸ ಲಿಡ್ಡೆಲ್ ಅವರದಾಯಿತು. ಭಾನುವಾರ ಮಾತ್ರ ಆಟವಿಲ್ಲ. ಮಕ್ಕಳು ಕೇಳಬೇಕಲ್ಲ! ತಾವೇ ಹಾಕಿ ಆಡಲು ಹೋಗಿ, ರೆಫರಿ ಇಲ್ಲದೆ ಹೊಡೆದಾಡಿಕೊಂಡರು. ಅದರ ಮುಂದಿನ ಭಾನುವಾರ ಲಿಡ್ಡೆಲ್ ಸೀಟಿ ಹಿಡಿದು ಮೈದಾನಕ್ಕೆ ಬಂದರೆಂದು ಶಿಬಿರದಲ್ಲಿ ಬೆಳೆದವರು ಹೇಳಿದ್ದಾರೆ. ಒಲಿಂಪಿಕ್ ಚಿನ್ನಕ್ಕೂ ಬಿಟ್ಟುಕೊಡದ ಭಾನುವಾರವನ್ನು ಜಗಳಗಂಟ ಹುಡುಗರಿಗೆ ಬಿಟ್ಟುಕೊಟ್ಟರು. ನಿಮ್ಮ ಸಭಾಪಾಲಕರು ಈ ಭಾಗವನ್ನೂ ಹೇಳಿದರೆ ಚೆನ್ನ. 1945ರ ಫೆಬ್ರುವರಿ 21ರಂದು, ಶಿಬಿರಕ್ಕೆ ಬಿಡುಗಡೆ ಸಿಗುವ ಆರು ತಿಂಗಳ ಮೊದಲು, ಮಿದುಳಿನ ಗಡ್ಡೆಯಿಂದ ಅವರು ತೀರಿಕೊಂಡರು. ವಯಸ್ಸು 43.

ಇದೇ ದಾರಿಯ ಇನ್ನೊಬ್ಬರು ಬ್ರಿಟನ್ನಿನ ಟ್ರಿಪಲ್ ಜಂಪ್ ಪಟು ಜೊನಾಥನ್ ಎಡ್ವರ್ಡ್ಸ್. ಪಾದ್ರಿಯ ಮಗ. ಭಾನುವಾರದ ಕಾರಣಕ್ಕೆ 1991ರ ಟೋಕಿಯೊ ವಿಶ್ವ ಚಾಂಪಿಯನ್‌ಷಿಪ್ ಬಿಟ್ಟರು. 1993ರಲ್ಲಿ ಮನಸ್ಸು ಬದಲಿಸಿ ಭಾನುವಾರವೂ ಜಿಗಿಯತೊಡಗಿದರು. 1995ರಲ್ಲಿ ಗೋಟೆನ್‌ಬರ್ಗ್‌ನಲ್ಲಿ 18.29 ಮೀಟರ್ ಜಿಗಿದರು. ಆ ದಾಖಲೆಯನ್ನು ಮುರಿದವರಿಲ್ಲ. ಸಿಡ್ನಿಯಲ್ಲಿ ಒಲಿಂಪಿಕ್ ಚಿನ್ನವೂ ಬಂತು. ನಿವೃತ್ತಿಯ ಕೆಲವು ವರ್ಷಗಳ ನಂತರ, 2007ರಲ್ಲಿ, ನನಗೀಗ ದೇವರಲ್ಲಿ ನಂಬಿಕೆ ಉಳಿದಿಲ್ಲವೆಂದು ಹೇಳಿದರು. ನಂಬಿಕೆ ಇದ್ದಾಗ ಹೇಗೆ ಮುಚ್ಚಿಡಲಿಲ್ಲವೋ ಹೋದಾಗಲೂ ಮುಚ್ಚಿಡಲಿಲ್ಲ. ಈ ಭಾಗವನ್ನು ಸಭೆಯಲ್ಲಿ ಹೇಳಿಸುವುದು ಕಷ್ಟವಿರಬಹುದು, ಆದರೂ ನಿಮ್ಮ ಪ್ರಶ್ನೆಗೆ ಪೂರ್ತಿ ಉತ್ತರ ಕೊಡಬೇಕಲ್ಲ.

ಪ್ರಶ್ನೆ: ಅಮೆರಿಕದ ಟಿಮ್ ಟೀಬೋ ಮುಖದ ಮೇಲೆ ಬೈಬಲ್ ವಾಕ್ಯ ಬರೆದುಕೊಂಡು ಆಡಿದ್ದರಿಂದ ಪವಾಡ ನಡೆಯಿತೆಂದು ವಾಟ್ಸಾಪ್‌ನಲ್ಲಿ ಬಂದಿದೆ. ಸತ್ಯವೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಅಂಕಿಗಳು ಸತ್ಯ, ಉಳಿದದ್ದು ನಿಮ್ಮ ಇಷ್ಟ. ಬೆಳಕು ಕಣ್ಣಿಗೆ ಹೊಡೆಯದಿರಲೆಂದು ಅಮೆರಿಕನ್ ಫುಟ್‌ಬಾಲ್ ಆಟಗಾರರು ಕಣ್ಣಿನ ಕೆಳಗೆ ಕಪ್ಪು ಬಳಿದುಕೊಳ್ಳುತ್ತಾರೆ. 2009ರ ಜನವರಿ 8ರಂದು ಕಾಲೇಜು ಫೈನಲ್‌ನಲ್ಲಿ ಫ್ಲೋರಿಡಾ ಪರ ಆಡಿದ ಟೀಬೋ ಆ ಕಪ್ಪಿನ ಮೇಲೆ ‘ಯೋಹಾನ 3:16’ ಎಂದು ಬರೆದುಕೊಂಡಿದ್ದರು; ದೇವರು ಲೋಕವನ್ನು ಎಷ್ಟೋ ಪ್ರೀತಿಸಿ ತನ್ನ ಮಗನನ್ನೇ ಕೊಟ್ಟನೆಂಬ ವಾಕ್ಯ. ಅದೇನೆಂದು ಗೂಗಲ್‌ನಲ್ಲಿ ಹುಡುಕಿದವರು ಕೋಟಿಗಟ್ಟಲೆ. ಮರುವರ್ಷ ಕಾಲೇಜು ಕ್ರೀಡಾ ಮಂಡಳಿ ಮುಖದ ಮೇಲಿನ ಬರಹವನ್ನೇ ನಿಷೇಧಿಸಿತು. ಸರಿಯಾಗಿ ಮೂರು ವರ್ಷಕ್ಕೆ, 2012ರ ಜನವರಿ 8ರಂದು, ವೃತ್ತಿಪರ ಲೀಗ್‌ನಲ್ಲಿ ಡೆನ್ವರ್ ಪರ ಆಡುತ್ತಿದ್ದ ಅದೇ ಟೀಬೋ ಪಿಟ್ಸ್‌ಬರ್ಗ್ ವಿರುದ್ಧ ಹೆಚ್ಚುವರಿ ಅವಧಿಯ ಮೊದಲ ಎಸೆತದಲ್ಲೇ 80 ಗಜದ ಪಾಸ್ ಕೊಟ್ಟು ಪಂದ್ಯ ಗೆಲ್ಲಿಸಿದರು. ಆ ದಿನ ಅವರು ಎಸೆದ ಒಟ್ಟು ದೂರ 316 ಗಜ. ಯಶಸ್ವಿ ಪಾಸ್‌ಗಳು ಹತ್ತು, ಸರಾಸರಿ 31.6.

ವಾಟ್ಸಾಪ್ ಇಲ್ಲಿಗೆ ನಿಲ್ಲುತ್ತದೆ. ಮರುವಾರ ನ್ಯೂ ಇಂಗ್ಲೆಂಡ್ ವಿರುದ್ಧ ಡೆನ್ವರ್ 10–45ರಿಂದ ಸೋತಿತು. ಆ ಅಂಕಿಗೆ ಯಾರೂ ವಾಕ್ಯ ಹುಡುಕಲಿಲ್ಲ. ಎರಡು ತಿಂಗಳಲ್ಲಿ ತಂಡ ಅವರನ್ನು ಬೇರೆಡೆಗೆ ಸಾಗಹಾಕಿತು. ಟೀಬೋ ಮಾತ್ರ ಗೆದ್ದಾಗ ಹೇಳಿದ್ದನ್ನೇ ಆಗಲೂ ಹೇಳುತ್ತಿದ್ದರು. ನನಗೆ ಅವರು ಹಿಡಿಸಿದ್ದು ಅದಕ್ಕೆ, 316ಕ್ಕಲ್ಲ.

ಪ್ರಶ್ನೆ: ಇಷ್ಟೆಲ್ಲ ಭಕ್ತಿ ತೋರಿಸುವವರು ಮೈದಾನದ ಹೊರಗೂ ಹಾಗೇ ಇರುತ್ತಾರೆಯೇ? ಹ್ಯಾನ್ಸಿ ಕ್ರೋನ್ಯೆಯನ್ನು ಮರೆತಿರಾ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಬೆಂಗಳೂರಿನವರು ಮರೆಯುವ ಹಾಗಿಲ್ಲ. ‘ಯೇಸು ಇದ್ದಿದ್ದರೆ ಏನು ಮಾಡುತ್ತಿದ್ದ?’ ಎಂಬುದರ ಮೊದಲಕ್ಷರಗಳ ಪಟ್ಟಿಯನ್ನು ಕೈಗೆ ಕಟ್ಟಿಕೊಳ್ಳುತ್ತಿದ್ದ ದಕ್ಷಿಣ ಆಫ್ರಿಕಾದ ಆ ನಾಯಕ, 2000ದ ಮಾರ್ಚ್‌ನಲ್ಲಿ ನಿಮ್ಮ ಊರಿನ ಟೆಸ್ಟಿಗೆ ಮುಂಚೆ ಹೋಟೆಲಿನಲ್ಲಿ ಕಾಲಿಸ್, ಬೌಚರ್, ಕ್ಲೂಸ್ನರ್ ಬಳಿ ದುಡ್ಡಿಗೆ ಸರಿಯಾಗಿ ಆಡದಿರುವ ಮಾತು ತೆಗೆದಿದ್ದರು. ಹುಡುಗರು ತಮಾಷೆಯೆಂದು ನಕ್ಕು ಕಳಿಸಿದರು, ಮುಂದೆ ವಿಚಾರಣಾ ಆಯೋಗದ ಎದುರು ಹಾಗೆಯೇ ಹೇಳಿದರು. ಆ ಟೆಸ್ಟನ್ನು ದಕ್ಷಿಣ ಆಫ್ರಿಕಾ ಇನಿಂಗ್ಸ್ ಅಂತರದಿಂದ ಗೆದ್ದಿತು. ಅದಕ್ಕೂ ಮುಂಚೆ ಸೆಂಚುರಿಯನ್ ಟೆಸ್ಟನ್ನು ಹೊಂದಿಸಿದ್ದಕ್ಕೆ ಅವರಿಗೆ ದುಡ್ಡಿನ ಜೊತೆ ಒಂದು ಚರ್ಮದ ಜಾಕೆಟ್ ಬಂದಿತ್ತು. ಸಿಕ್ಕಿಬಿದ್ದ ಮೇಲೆ ಸೈತಾನನಿಗೆ ಎಡೆಕೊಟ್ಟೆ ಎಂದರು. ಜೀವಾವಧಿ ನಿಷೇಧ ಬಿತ್ತು. 2002ರ ಜೂನ್ 1ರಂದು ಅವರಿದ್ದ ಸಣ್ಣ ವಿಮಾನ ಬೆಟ್ಟಕ್ಕೆ ಬಡಿದು ತೀರಿಕೊಂಡರು, ಆಗ 32 ವಯಸ್ಸು.

ಕೈಪಟ್ಟಿ ಸುಳ್ಳು ವೇಷ ಎಂದು ನೀವು ಬರೆದಿದ್ದೀರಿ. ನಾನು ಅಷ್ಟು ದೂರ ಹೋಗುವುದಿಲ್ಲ. ಭಕ್ತಿಯೂ ಆಸೆಯೂ ಒಂದೇ ಮನೆಯಲ್ಲಿ ಬಾಡಿಗೆಗಿರುವುದನ್ನು ನಾವು ನೋಡದವರೇ? ಆದರೆ ಒಬ್ಬ ಆಟಗಾರ ದೇವರ ಹೆಸರು ಹೇಳಿದ ಮಾತ್ರಕ್ಕೆ ಪ್ರಾಮಾಣಿಕನೆಂದು ನಂಬುವವರ ಬಗ್ಗೆ ಮಾತ್ರ ನನಗೆ ಮರುಕವಿದೆ. ನಂಬಿಕೆಯ ಕಾರಣಕ್ಕೆ ಅವರು ಏನು ಬಿಟ್ಟರು ಎಂದು ನಾನು ನೋಡುತ್ತೇನೆ. ಲಿಡ್ಡೆಲ್ 100 ಮೀಟರ್ ಬಿಟ್ಟರು. ಕ್ರೋನ್ಯೆಗೆ ಜಾಕೆಟ್ ಬಿಡಲಾಗಲಿಲ್ಲ.

ಪ್ರಶ್ನೆ: ಬೈಬಲಿನ ಮಾತನ್ನು ಹಾಕಿದ್ದಕ್ಕೆ ರಗ್ಬಿ ಆಟಗಾರ ಇಸ್ರಾಯೆಲ್ ಫೋಲೌ ಕೆಲಸ ಕಳೆದುಕೊಂಡರು. ಇದು ಅನ್ಯಾಯವಲ್ಲವೇ?
– ಮೆಲ್ಬರ್ನ್‌ನಿಂದ ಒಬ್ಬ ಕನ್ನಡಿಗ

ಉತ್ತರ: ಜೆಮಿಮಾ ಹೇಳಿದ್ದು ತನ್ನ ಬಗ್ಗೆ, ಫೋಲೌ ಹಾಕಿದ್ದು ಇತರರ ಬಗ್ಗೆ. 2019ರ ಏಪ್ರಿಲ್‌ನಲ್ಲಿ ಇನ್‌ಸ್ಟಾಗ್ರಾಂನಲ್ಲಿ ನರಕಕ್ಕೆ ಹೋಗುವವರ ಪಟ್ಟಿ ಕೊಟ್ಟರು: ಕುಡುಕರು, ಸಲಿಂಗಿಗಳು, ವ್ಯಭಿಚಾರಿಗಳು, ಸುಳ್ಳರು, ಕಳ್ಳರು, ನಾಸ್ತಿಕರು, ವಿಗ್ರಹಾರಾಧಕರು. ಈ ಪತ್ರಿಕೆಯ ಚಂದಾದಾರರಲ್ಲಿ ಬಹುಪಾಲು ಜನ ಅದರಲ್ಲಿ ಬರುತ್ತೇವೆ. ಹಿಂದಿನ ವರ್ಷವೇ ಇಂಥದ್ದಕ್ಕೆ ಅವರಿಗೆ ಎಚ್ಚರಿಕೆ ಸಿಕ್ಕಿತ್ತು. ಮೇನಲ್ಲಿ ಒಪ್ಪಂದ ರದ್ದಾಯಿತು, ಡಿಸೆಂಬರ್‌ನಲ್ಲಿ ನ್ಯಾಯಾಲಯದ ಹೊರಗೆ ರಾಜಿಯಾಗಿ ಎರಡೂ ಕಡೆಯವರು ನೋವಾದದ್ದಕ್ಕೆ ಕ್ಷಮೆ ಕೇಳಿದರು. ಎಚ್ಚರಿಕೆಯಾದ ಮೇಲೂ ಹಾಕಿದ್ದು ಅವರ ಆಯ್ಕೆ, ಅದಕ್ಕೆ ದೊಡ್ಡ ಬೆಲೆಯನ್ನೇ ತೆತ್ತರು. ಆದರೂ 73 ಟೆಸ್ಟ್ ಆಡಿದ ಒಬ್ಬರನ್ನು ಒಂದು ಚಿತ್ರಕ್ಕಾಗಿ ಪೂರ್ತಿ ಹೊರಹಾಕಿದ್ದು ನನಗೆ ಅತಿ ಅನ್ನಿಸಿತು. ದಂಡ ಹಾಕಿ ಕೆಲವು ಪಂದ್ಯ ಕೂರಿಸಿದ್ದರೆ ಸಾಕಿತ್ತು. ನಿಮ್ಮ ಊರಿನವರು ಒಪ್ಪುವುದಿಲ್ಲವೆಂದು ಗೊತ್ತು, ಬೈದು ಬರೆಯಿರಿ.

ಪ್ರಶ್ನೆ: ನನ್ನ ಮಗ 14 ವರ್ಷದೊಳಗಿನವರ ತಂಡದಲ್ಲಿ ಫುಟ್‌ಬಾಲ್ ಆಡುತ್ತಾನೆ. ಮೈದಾನಕ್ಕೆ ಇಳಿಯುವಾಗ ಶಿಲುಬೆಯ ಗುರುತು ಹಾಕಿಕೊಳ್ಳುತ್ತಾನೆ, ಕೊರಳಲ್ಲಿ ಅಜ್ಜಿ ಕೊಟ್ಟ ಶಿಲುಬೆಯ ಸರವಿದೆ. ಎರಡೂ ಬೇಡವೆಂದು ಕೋಚ್ ಹೇಳುತ್ತಾರಂತೆ. ಏನು ಮಾಡಲಿ ಸರ್?
– ತಾಯಿ, ಕಾರವಾರ

ಉತ್ತರ: ಅಮ್ಮಾ, ಕೋಚ್ ಅರ್ಧ ಸರಿ. ಗುರುತು ಹಾಕಿಕೊಳ್ಳುವುದಕ್ಕೆ ಯಾವ ನಿಯಮದ ಅಡ್ಡಿಯೂ ಇಲ್ಲ. ಎರಡು ಸೆಕೆಂಡಿನ ಕೆಲಸ, ಆಟ ನಿಲ್ಲುವುದಿಲ್ಲ. ಪಕ್ಕದ ಹುಡುಗ ಗೆರೆ ಮುಟ್ಟಿ ಹಣೆಗೆ ಒತ್ತಿಕೊಂಡು ಒಳಗೆ ಬರುವುದನ್ನು ಬಿಡುವ ಕೋಚ್ ಇದನ್ನೂ ಬಿಡಬೇಕು. ಹಾಗೆಂದು ನೀವೇ ಹೋಗಿ ಮೆತ್ತಗೆ ಹೇಳಿ, ಮಗನ ಕೈಯಲ್ಲಿ ಹೇಳಿಸಬೇಡಿ.

ಸರದ ಮಾತು ಬೇರೆ. ಆಭರಣ ಯಾವುದೂ ಕೂಡದು, ಟೇಪ್ ಸುತ್ತಿದರೂ ಕೂಡದು. ಚೆಂಡಿಗೆ ಹಾರುವಾಗ ಇನ್ನೊಬ್ಬನ ಬೆರಳು ಸರಕ್ಕೆ ಸಿಕ್ಕಿದರೆ ಯಾರದಾದರೂ ಕೊರಳೋ ಬೆರಳೋ ಹೋಗುತ್ತದೆ. ನಾನು ಪಂದ್ಯ ನಡೆಸುವಾಗ ಟಾಸ್‌ಗೆ ಮುಂಚೆ ಕರವಸ್ತ್ರ ಹಾಸಿ ಕೂರುತ್ತಿದ್ದೆ. ಗೋವಾ ಕಡೆಯ ಹುಡುಗರ ಶಿಲುಬೆ, ತಾಯಿತ, ಬೆಳ್ಳಿ ಕಡಗ, ಸವದತ್ತಿ ಯಲ್ಲಮ್ಮನ ಚಿತ್ರದ ಪದಕ ಎಲ್ಲ ಅದರಲ್ಲಿ ಬೀಳುತ್ತಿದ್ದವು, ಗಂಟು ಕಟ್ಟಿ ಟೇಬಲ್ಲಿನವರಿಗೆ ಕೊಡುತ್ತಿದ್ದೆ. ಒಮ್ಮೆ ಬೈಲಹೊಂಗಲ ಕಡೆಯ ಒಬ್ಬ ಗೋಲಿ (ಗೋಲ್‌ಕೀಪರ್) ಕೊರಳಿನ ಲಿಂಗದ ಕರಡಿಗೆ ತೆಗೆಯಲು ಒಪ್ಪಲಿಲ್ಲ. ಇದು ಆಭರಣವಲ್ಲ ಸರ್ ಎಂದ. ಅವನ ಮಾತು ಸರಿಯೇ. ಆದರೆ ಅದು ಬೆಳ್ಳಿಯದು, ಗಟ್ಟಿ, ಗೋಲಿ ಎದೆಯ ಮೇಲೆ ಬೀಳುವವನು. ಆಗುವುದಿಲ್ಲ ಎಂದೆ. ವಾದಿಸದೆ ಗ್ಲೌಸ್ ಬಿಚ್ಚಿ ಬೇರೆಯವನಿಗೆ ಕೊಟ್ಟು ಬೆಂಚಿನ ಮೇಲೆ ಕುಳಿತ. ಅವನ ತಂಡ ಮೂರು ಗೋಲುಗಳಿಂದ ಸೋತಿತು. ಮುಂದಿನ ಪಂದ್ಯಕ್ಕೆ ಲಿಂಗವನ್ನು ಕರಡಿಗೆಯಿಂದ ತೆಗೆದು ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ ತೋಳಿಗೆ ಕಟ್ಟಿಕೊಂಡು ಬಂದು ತೋರಿಸಿದ. ಮುಟ್ಟಿ ನೋಡಿದೆ, ಯಾರಿಗೂ ಪೆಟ್ಟಾಗುವ ಹಾಗಿರಲಿಲ್ಲ, ಬಿಟ್ಟೆ.

ನಿಮ್ಮ ಮಗನಿಗೆ ಅಷ್ಟು ಕಷ್ಟವಿಲ್ಲ. ಅಜ್ಜಿಯ ಸರ ಮನೆಯಲ್ಲಿರಲಿ, ಚೀಲದಲ್ಲೂ ಬೇಡ, ಮೈದಾನದ ಚೀಲಗಳಿಂದ ವಸ್ತುಗಳು ಕಾಣೆಯಾಗುತ್ತವೆ. ಪಂದ್ಯದ ದಿನ ಬೆಳಿಗ್ಗೆಯೇ ತೆಗೆದು ನಿಮ್ಮ ಕೈಗೆ ಕೊಡುವ ಅಭ್ಯಾಸ ಮಾಡಿಸಿ.